ಊರಲ್ಲಿ ಒಂದು ಚಿತ್ರದಂಗಡಿ ಇಡಬೇಕು ಅಂತಿದ್ದೀರಾ? ಮೊದಲು ಟೇಬಲ್ ಹಾಕಿ

ಶಿವಮೊಗ್ಗ ಜಿಲ್ಲೆಯ ನಮ್ಮ ಸಾಗರದ ಮಳೆ ಗೊತ್ತಿರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎರಡು ವರ್ಷದ ಹಿಂದೆ ಒಂದು ಜುಲೈ ಸಂಜೆ, ರಸ್ತೆಯಲ್ಲಿ ನಾಯಿ ಕೂಡ ಇಲ್ಲದ ಹೊತ್ತಿನಲ್ಲಿ, ಒಬ್ಬ ಹುಡುಗಿ ಕೊಡೆ ಮಡಚಿಕೊಂಡು ನಮ್ಮ ಅಂಗಡಿ ಬಾಗಿಲಲ್ಲಿ ನಿಂತು, "ಇಲ್ಲಿ ಸುಮ್ನೆ ಕೂತು ಚಿತ್ರ ಬರೀಬಹುದಂತೆ, ಹೌದಾ? ಎಷ್ಟು ಕೊಡ್ಬೇಕು?" ಅಂತ ಕೇಳಿದಳು. ಅವತ್ತು ಗುರುವಾರ. ಗುರುವಾರ ದುಡ್ಡಿಲ್ಲ, ಟೀಗೆ ಮಾತ್ರ ಆ ಡಬ್ಬಿಯಲ್ಲಿ ಹತ್ತು ರೂಪಾಯಿ ಹಾಕು ಅಂದೆ. ಈಗ ನಮ್ಮ ಶನಿವಾರದ ಮಕ್ಕಳ ಕ್ಲಾಸ್ ಅವಳೇ ನೋಡಿಕೊಳ್ಳುತ್ತಾಳೆ.

ನಮ್ಮದು ಕಾಗದ ಬಣ್ಣ, ಊರಿನವರ ಕೈಕೆಲಸ ಮಾರುವ, ಜೊತೆಗೆ ಯಾರು ಬೇಕಾದರೂ ಬಂದು ಕೂತು ಚಿತ್ರ ಬರೆಯುವ ಅಂಗಡಿ. "ನಮ್ಮೂರಲ್ಲೂ ಇಂಥದ್ದೊಂದು ಮಾಡಬೇಕು, ಹೇಗೆ?" ಅಂತ ತಿಂಗಳಿಗೆ ಇಬ್ಬರಾದರೂ ಕೇಳುತ್ತಾರೆ. ಅವರಿಗೆಲ್ಲ ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದೇ ಬಿಡೋಣ ಅಂತ ಕೂತೆ. ಇದು ತಾಲ್ಲೂಕು ಕೇಂದ್ರದಂಥ ಊರಿನವರಿಗೆ ಮಾತ್ರ. ಬೆಂಗಳೂರಿನ ಲೆಕ್ಕ ಬೇರೆ. ಅಲ್ಲಿ ಚಿತ್ರಕಲಾ ಪರಿಷತ್ತು ಇದೆ, ಜನವರಿಯಲ್ಲಿ ಚಿತ್ರಸಂತೆ ಅಂದರೆ ಕುಮಾರಕೃಪಾ ರಸ್ತೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಚಿತ್ರ ಕೊಳ್ಳಬೇಕು ಅಂತಲೇ ಮನೆಯಿಂದ ಹೊರಡುವ ಜನ ಅಲ್ಲಿದ್ದಾರೆ. ನಮ್ಮಲ್ಲಿ ಹಾಗೆ ಯಾರೂ ಹೊರಡುವುದಿಲ್ಲ. ಅಡಿಕೆ ಮಂಡಿಗೆ, ಔಷಧಿಗೆ, ಮಗುವಿನ ಶಾಲೆ ಫೀಸಿಗೆ ಅಂತ ಬರುತ್ತಾರೆ. ಆ ದಾರಿಯಲ್ಲಿ ನಾವು ಸಿಗಬೇಕು, ಅಷ್ಟೆ.

ಬಾಡಿಗೆ ಹಿಡಿಯುವ ಮುಂಚೆ

ಜಾಸ್ತಿ ಜನ ಮಾಡುವ ತಪ್ಪು ಇದು: ಮೊದಲು ಅಂಗಡಿ ಹಿಡಿಯುತ್ತಾರೆ, ಬಣ್ಣ ಹೊಡೆಸುತ್ತಾರೆ, ಗೋಡೆ ತುಂಬ ತಮ್ಮ ಚಿತ್ರ ಹಾಕುತ್ತಾರೆ, ಉದ್ಘಾಟನೆಗೆ ಊರಿನ ದೊಡ್ಡವರನ್ನೆಲ್ಲ ಕರೆದು ಮೈಸೂರು ಪಾಕ್ ಹಂಚುತ್ತಾರೆ. ಮರುದಿನದಿಂದ ಯಾರು ಬರುತ್ತಾರೆ? ಯಾರೂ ಬರುವುದಿಲ್ಲ. ನಾಲ್ಕನೇ ತಿಂಗಳಿಗೆ ಅಡ್ವಾನ್ಸಿನಲ್ಲಿ ಬಾಡಿಗೆ ಮುರಿದುಕೊಳ್ಳಿ ಅಂತ ಮಾಲೀಕರಿಗೆ ಹೇಳುವ ಪರಿಸ್ಥಿತಿ.

ನೀವು ಉಲ್ಟಾ ಮಾಡಿ. ವಾರದಲ್ಲಿ ಒಂದು ಸಂಜೆ ಗೊತ್ತು ಮಾಡಿ. ಜಾಗ ಯಾವುದಾದರೂ ನಡೆಯುತ್ತದೆ, ನಿಮ್ಮ ಮನೆ ಜಗಲಿ, ಭಾನುವಾರ ಖಾಲಿ ಇರುವ ಶಾಲೆಯ ಒಂದು ಕೋಣೆ, ಗ್ರಂಥಾಲಯದ ಪಡಸಾಲೆ. ಹನ್ನೆರಡು ವಾರ, ಅದೇ ದಿನ, ಅದೇ ಹೊತ್ತು, ತಪ್ಪಿಸದೆ ಕೂರಿ. ಮೊದಲ ವಾರ ಹದಿನೈದು ಜನ ಬರುತ್ತಾರೆ, ಎರಡನೇ ವಾರ ಏಳು, ಐದನೇ ವಾರ ನೀವು ಮತ್ತು ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಇಬ್ಬರೇ. ಬೇಜಾರು ಮಾಡಿಕೊಳ್ಳಬೇಡಿ. ಹನ್ನೆರಡನೇ ವಾರಕ್ಕೆ ಐದಾರು ಜನ ನೀವು ಮೆಸೇಜ್ ಹಾಕದಿದ್ದರೂ ಬರುತ್ತಿದ್ದಾರೆ ಅಂದರೆ ಅಂಗಡಿ ಹುಡುಕಲು ಶುರು ಮಾಡಬಹುದು. ಬರಲಿಲ್ಲ ಅಂದರೆ ದುಡ್ಡು ಉಳಿಯಿತು ಅಂದುಕೊಳ್ಳಿ.

ಇದನ್ನು ನಾನೇನು ಕಂಡುಹಿಡಿದದ್ದಲ್ಲ. ನಮ್ಮ ಪಕ್ಕದ ಹೆಗ್ಗೋಡಿನ ನೀನಾಸಂ 1949ರಲ್ಲಿ ಶುರುವಾದದ್ದು ಊರಿನವರೇ ಸೇರಿ ನಾಟಕ ಆಡುವ ತಂಡವಾಗಿ. ಅಲ್ಲಿ ರಂಗಶಿಕ್ಷಣ ಕೇಂದ್ರ ಬಂದದ್ದು 1980ರಲ್ಲಿ. ನಡುವೆ ಮೂವತ್ತು ವರ್ಷ. ನಿಮಗೆ ಅಷ್ಟೆಲ್ಲ ಬೇಡ, ಮೂರು ತಿಂಗಳು ಸಾಕು.

ಆ ವಾರಗಳಲ್ಲಿ ಪಾಠ ಮಾಡಬೇಡಿ. ನಡುವೆ ಒಂದು ವಸ್ತು ಇಡಿ. ನಾವು ಮೊದಲ ದಿನ ಇಟ್ಟಿದ್ದು ಒಂದು ಅಡಿಕೆ ಗೊನೆ. ಬಂದವರಲ್ಲಿ ಅರ್ಧ ಜನ ಅಡಿಕೆ ತೋಟದವರೇ, ದಿನಾ ನೋಡುವುದೇ, ಆದರೂ ಗೊನೆಯ ದಂಟು ಎಲ್ಲಿ ಕವಲೊಡೆಯುತ್ತದೆ ಅಂತ ಯಾರಿಗೂ ಬರೆಯಲು ಬರಲಿಲ್ಲ. ಒಬ್ಬರು ಮನೆಗೆ ಹೋಗಿ ರಾತ್ರಿ ಟಾರ್ಚ್ ಹಾಕಿ ನೋಡಿದರಂತೆ!

ಜಾಗ ನೋಡುವಾಗ

ನೆಲಮಹಡಿಯೇ ಬೇಕು. ಮೆಟ್ಟಿಲು ಹತ್ತಬೇಕಾದರೆ ಅಜ್ಜಿಯರು, ಚೀಲ ಹಿಡಿದವರು ಬರುವುದಿಲ್ಲ. 12 ಅಡಿಗೆ 20 ಅಡಿಯ ಕೋಣೆ ಸಿಕ್ಕರೆ ಧಾರಾಳ. ಉತ್ತರಕ್ಕೆ ಕಿಟಕಿ ಇದ್ದರೆ ಅದೃಷ್ಟ, ವರ್ಷದ ಹೆಚ್ಚಿನ ತಿಂಗಳು ಬಿಸಿಲು ನೇರ ಬೀಳದೆ ಇಡೀ ದಿನ ಹೆಚ್ಚುಕಡಿಮೆ ಒಂದೇ ಥರ ಬೆಳಕು ಬರುತ್ತದೆ. ಶೌಚಾಲಯ ಇದೆಯಾ, ನೀರು ಬರುತ್ತದಾ ಅಂತ ಮೊದಲೇ ನೋಡಿ. ಹೆಂಗಸರು ಮಕ್ಕಳು ಎರಡು ಗಂಟೆ ಕೂರುವ ಜಾಗ ಇದು, ಮೊಬೈಲ್ ರೀಚಾರ್ಜ್ ಅಂಗಡಿ ಅಲ್ಲ.

ಮಲೆನಾಡು, ಕರಾವಳಿಯವರಾದರೆ ಕೋಣೆಯನ್ನು ಬೇಸಿಗೆಯಲ್ಲಿ ನೋಡಿ ಒಪ್ಪಬೇಡಿ. ಬೇಸಿಗೆಯಲ್ಲಿ ಎಲ್ಲ ಗೋಡೆಯೂ ಒಣಗಿಯೇ ಇರುತ್ತದೆ. ನೆಲದಿಂದ ಒಂದು ಅಡಿ ಎತ್ತರದವರೆಗೆ ಹೊಸದಾಗಿ ಬಣ್ಣ ಬಳಿದಿದ್ದರೆ, ಅಥವಾ ಅಲ್ಲಿ ಮಾತ್ರ ಸುಣ್ಣ ಉಬ್ಬಿ ನಿಂತಿದ್ದರೆ, ಗೋಡೆ ನೀರು ಎಳೆಯುತ್ತಿದೆ ಅಂತ ಅರ್ಥ. ನನಗೆ ಇದು ಗೊತ್ತಿರಲಿಲ್ಲ. ಮೊದಲ ಮಳೆಗಾಲದಲ್ಲಿ ಗೋಡೆಗೆ ಒರಗಿಸಿಟ್ಟಿದ್ದ ಒಂಬತ್ತು ಜಲವರ್ಣದ ಚಿತ್ರಗಳ ಹಿಂದೆ ಬೂಷ್ಟು ಬಂತು. ಅದರಲ್ಲಿ ಆರು ನನ್ನವಲ್ಲ. ಗಾಜು ಬಿಚ್ಚಿದಾಗ ಬಂದ ವಾಸನೆ ಇನ್ನೂ ಮೂಗಿನಲ್ಲಿದೆ. ಬರೆದವರಿಗೆ ದುಡ್ಡು ಕಟ್ಟಿಕೊಟ್ಟೆ, ಆದರೆ ಚಿತ್ರ ಹೋಗಿದ್ದು ಹೋಯಿತು.

ಅಲ್ಲಿಂದ ಈಚೆಗೆ ನಾವು ಮಾಡುವುದು ಇಷ್ಟು. ಫ್ರೇಮಿನ ಹಿಂದಿನ ಕೆಳಗಿನ ಎರಡು ಮೂಲೆಗೆ ಬಿರಡೆಯ ಚೂರು ಅಂಟಿಸುತ್ತೇವೆ, ಗೋಡೆಗೂ ಫ್ರೇಮಿಗೂ ನಡುವೆ ಗಾಳಿ ಆಡುತ್ತದೆ. ಕಾಗದದ ಮೇಲೆ ಬರೆದ ಚಿತ್ರಗಳನ್ನೆಲ್ಲ ಜೂನ್ ಮೊದಲ ವಾರ ಇಳಿಸಿ, ಮುಚ್ಚಳ ಭದ್ರವಾಗಿರುವ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಚಪ್ಪಟೆಯಾಗಿ ಇಡುತ್ತೇವೆ. ಮಳೆಗಾಲದಲ್ಲಿ ಗೋಡೆಗೆ ಬಟ್ಟೆಯ ಕೆಲಸ, ಮರದ ಕೆಲಸ, ಬುಟ್ಟಿ ಮಾತ್ರ.

ಅಗ್ರಿಮೆಂಟ್ ಸಾಮಾನ್ಯವಾಗಿ 11 ತಿಂಗಳಿನದು ಮಾಡುತ್ತಾರೆ. ಅದರಲ್ಲಿ ಗೋಡೆಗೆ ಮೊಳೆ ಹೊಡೆಯಬಹುದು, ಬಣ್ಣ ಬಳಿಯಬಹುದು ಅನ್ನುವುದನ್ನು ಬರೆಸಿಕೊಳ್ಳಿ. ನಗಬೇಡಿ, ಮೊಳೆಯ ವಿಷಯಕ್ಕೆ ಜಗಳ ಆಡಿ ಜಾಗ ಬಿಟ್ಟವರು ನನಗೆ ಗೊತ್ತು. ಕರೆಂಟ್ ಮೀಟರ್ ವಾಣಿಜ್ಯದ್ದಾ ಮನೆಯದ್ದಾ ಅಂತಲೂ ಕೇಳಿ. ಇನ್ನೊಂದು: ಹಿಟ್ಟಿನ ಗಿರಣಿ ಪಕ್ಕ ಮಾತ್ರ ಬೇಡ. ಎಣ್ಣೆಬಣ್ಣ ಒಣಗುವುದರೊಳಗೆ ಅದರ ಮೇಲೆ ರಾಗಿ ಹಿಟ್ಟು ಕೂತಿರುತ್ತದೆ.

ಟೇಬಲ್

ಇದಕ್ಕೆ ಮಾತ್ರ ಜಿಪುಣತನ ಮಾಡಬೇಡಿ. 8 ಅಡಿಗೆ 4 ಅಡಿಯ 19 ಎಂಎಂ ಪ್ಲೈವುಡ್ ಒಂದು ಇಡೀ ಹಾಳೆ ತನ್ನಿ, ಕತ್ತರಿಸಬೇಡಿ. ಬಡಗಿಯ ಹತ್ತಿರ ಎರಡು ಮರದ ಕುದುರೆ, ಅಂದರೆ ಹಲಗೆ ಹೊರುವ ನಾಲ್ಕು ಕಾಲಿನ ಸ್ಟ್ಯಾಂಡ್, ಮಾಡಿಸಿ ಅದರ ಮೇಲೆ ಇಡಿ. ಸುತ್ತಲೂ 24 ಅಡಿ ಸಿಗುತ್ತದೆ, ಒಬ್ಬರಿಗೆ ಎರಡೂವರೆ ಅಡಿ ಅಂದರೂ ಒಂಬತ್ತು ಜನ ಮೊಣಕೈ ತಾಗದೆ ಕೂರಬಹುದು. ಎತ್ತರ 29 ಇಂಚು ಇದ್ದರೆ ಹಿತ. ಜಾಗ ಬೇಕಾದಾಗ ಹಲಗೆ ಎತ್ತಿ ಗೋಡೆಗೆ ಒರಗಿಸಿದರೆ ಆಯಿತು. ಮಕ್ಕಳಿಗೆ ಕುರ್ಚಿಯೇ ಬೇಡ, ಚಾಪೆ ಹಾಸಿ ಮುಂದೆ ಮಣೆ ಇಡಿ.

ಒಬ್ಬೊಬ್ಬರಿಗೆ ಒಂದೊಂದು ಚಿಕ್ಕ ಟೇಬಲ್ ಹಾಕಿದರೆ ಅದು ಟ್ಯೂಷನ್ ಆಗುತ್ತದೆ. ಒಂದೇ ದೊಡ್ಡ ಹಲಗೆ ಸುತ್ತ ಕೂತರೆ ರಬ್ಬರ್ ಕೇಳುವ ನೆಪಕ್ಕಾದರೂ ಮಾತು ಶುರುವಾಗುತ್ತದೆ. ನಮ್ಮಲ್ಲಿ ಎಲ್‌ಐಸಿ ಏಜೆಂಟ್ ಒಬ್ಬರು, ಪಿಯುಸಿ ಹುಡುಗ, ಹೊಲಿಗೆ ಅಂಗಡಿಯ ಅಕ್ಕ ಇವರೆಲ್ಲ ಪರಿಚಯ ಆಗಿದ್ದು ಹಾಗೇ. ಬೇಕು ಅಂತಲೇ ರಬ್ಬರ್ ಎರಡೇ ಇಟ್ಟಿದ್ದೇನೆ.

ಬಲ್ಬಿನ ಬಗ್ಗೆ ಒಂದು ಮಾತು. ಹಳದಿ ಬೆಳಕಿನಲ್ಲಿ ಬರೆದ ಚಿತ್ರ ಬೆಳಿಗ್ಗೆ ಬೇರೆಯೇ ಕಾಣುತ್ತದೆ. ಎಲ್‌ಇಡಿ ಕೊಳ್ಳುವಾಗ ಡಬ್ಬಿಯ ಮೇಲೆ 4000 ಕೆಲ್ವಿನ್, ಸಿಆರ್‌ಐ 90 ಅಂತ ಇರುವುದು ಕೇಳಿ. ಮೊದಲನೆಯದು ಬೆಳಕು ಎಷ್ಟು ಹಳದಿ, ಎಷ್ಟು ಬಿಳಿ ಅನ್ನುವ ಲೆಕ್ಕ, ಎರಡನೆಯದು ಆ ಬೆಳಕಿನಲ್ಲಿ ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವುದು. ಸ್ವಲ್ಪ ದುಬಾರಿ, ಟೇಬಲ್ ಮೇಲಿನ ಎರಡಕ್ಕೆ ಸಾಕು.

ಎಣ್ಣೆಬಣ್ಣ ಬಳಸುವವರಿದ್ದರೆ ಹುಷಾರು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಉತ್ಪ್ರೇಕ್ಷೆ ಅಲ್ಲ, ನಿಜ. ಹರಡಿ ಒಣಗಿಸಿ, ಇಲ್ಲ ನೀರು ತುಂಬಿದ ಮುಚ್ಚಳದ ತಗಡಿನ ಡಬ್ಬಿಗೆ ಹಾಕಿ. ಅಕ್ರಿಲಿಕ್ ಬ್ರಷ್ ತೊಳೆದ ನೀರನ್ನು ಬಕೆಟ್ಟಿನಲ್ಲಿ ಒಂದು ದಿನ ಬಿಟ್ಟು, ತಳದಲ್ಲಿ ಕೂತ ಬಣ್ಣವನ್ನು ಬೇರೆ ತೆಗೆಯಿರಿ. ನೇರ ಸಿಂಕಿಗೆ ಸುರಿದು ಪೈಪ್ ಕಟ್ಟಿಕೊಂಡರೆ ಪ್ಲಂಬರ್ ಬಿಲ್ಲು ನಿಮ್ಮದೇ.

ಅಂಗಡಿ ಭಾಗದಲ್ಲಿ ಏನಿಡುವುದು

ಗೋಡೆಯ ಮೇಲಿನ 8,000 ರೂಪಾಯಿ ಚಿತ್ರ ಬಾಡಿಗೆ ಕಟ್ಟುವುದಿಲ್ಲ. ಬಾಡಿಗೆ ಕಟ್ಟುವುದು ಕಾಗದ. ಸಾಗರದವರು ಒಳ್ಳೆಯ ಜಲವರ್ಣದ ಕಾಗದಕ್ಕೆ ಮೊದಲೆಲ್ಲ ಶಿವಮೊಗ್ಗಕ್ಕೋ ಬೆಂಗಳೂರಿಗೋ ಹೋಗುವವರಿಗೆ ಹೇಳಿ ಕಳಿಸುತ್ತಿದ್ದರು. 22 ಇಂಚಿಗೆ 30 ಇಂಚಿನ 300 ಜಿಎಸ್ಎಂ (ಚದರ ಮೀಟರಿಗೆ ಇಷ್ಟು ಗ್ರಾಂ, ಅಂದರೆ ದಪ್ಪದ ಲೆಕ್ಕ) ದೊಡ್ಡ ಹಾಳೆ ತಂದು, ನಾಲ್ಕು ತುಂಡು ಮಾಡಿ, ತುಂಡಿನ ಲೆಕ್ಕದಲ್ಲಿ ಮಾರಿ. ಇಡೀ ಪ್ಯಾಡ್ ಕೊಳ್ಳಲು ಹಿಂದೆಮುಂದೆ ನೋಡುವವರು ಎರಡು ತುಂಡು ಖುಷಿಯಿಂದ ಒಯ್ಯುತ್ತಾರೆ. ಲೋಯರ್, ಹೈಯರ್ ಡ್ರಾಯಿಂಗ್ ಗ್ರೇಡ್ ಪರೀಕ್ಷೆ ಹತ್ತಿರ ಬಂದಾಗ ಮಕ್ಕಳು ಕೇಳುವ ಸಾಮಾನು ಯಾವುದು ಅಂತ ಶಾಲೆಯ ಡ್ರಾಯಿಂಗ್ ಮೇಷ್ಟ್ರನ್ನು ಮುಂಚೆಯೇ ಕೇಳಿ ತರಿಸಿಡಿ.

ಎರಡನೆಯದು ಫ್ರೇಮ್ ಕಟ್ಟುವುದು. ಮನೆಯಲ್ಲಿ ಅಜ್ಜನ ಫೋಟೋ, ದೇವರ ಪಟ, ಮಗಳ ಕಸೂತಿ ಯಾರಿಗಿಲ್ಲ? ಸುತ್ತಲೂ ಮೌಂಟ್ ಬೋರ್ಡಿನ ರಟ್ಟಿನ ಅಂಚು ಹಾಕಿ ಸರಿಯಾಗಿ ಕಟ್ಟಿಕೊಟ್ಟರೆ ಒಂದು ಸಲ ಬಂದವರು ಮತ್ತೆ ಬರುತ್ತಾರೆ, ಬಂದಾಗ ಟೇಬಲ್ ನೋಡುತ್ತಾರೆ.

ಮೂರನೆಯದು ಊರಿನವರು ಮಾಡಿದ್ದು. ಇಲ್ಲಿ ನನ್ನದು ಸ್ವಲ್ಪ ಹಟ. ಚನ್ನಪಟ್ಟಣದ ಗೊಂಬೆ ಇಟ್ಟರೆ ಬೇಗ ಖರ್ಚಾಗುತ್ತದೆ, ಅರಗಿನ ಬಣ್ಣದ ಆ ಹೊಳಪಿಗೆ ಮಕ್ಕಳು ಕೈ ಚಾಚಿಯೇ ಚಾಚುತ್ತಾರೆ, ನನಗೂ ಇಷ್ಟ. ಆದರೆ ಅದನ್ನೇ ತುಂಬಿಸಿಕೊಂಡರೆ ನಿಮ್ಮದು ಹೆದ್ದಾರಿ ಪಕ್ಕದ ಇನ್ನೊಂದು ಗೊಂಬೆ ಅಂಗಡಿ ಆಗುತ್ತದೆ. ಹೊರಗಿನದಕ್ಕೆ ಒಂದೇ ಶೆಲ್ಫ್ ಅಂತ ಗೆರೆ ಹಾಕಿಕೊಳ್ಳಿ. ನಮ್ಮ ತಾಲ್ಲೂಕಿನಲ್ಲೇ ದೀವರ ಸಮುದಾಯದ ಹೆಂಗಸರು ಗೋಡೆ, ಬುಟ್ಟಿಯ ಮೇಲೆ ಬರೆಯುವ ಚಿತ್ತಾರ ಇದೆ, ಗುಡಿಗಾರರ ಮರದ ಕೆತ್ತನೆ ಇದೆ, ಹೆಗ್ಗೋಡಿನ ಚರಕ ಸಂಸ್ಥೆಯ ಕೈಮಗ್ಗದ ಬಟ್ಟೆ ಇದೆ. ಧಾರವಾಡದವರಾದರೆ ಕಸೂತಿ, ಕೊಪ್ಪಳದ ಕಡೆಯವರಾದರೆ ಕಿನ್ನಾಳದ ಗೊಂಬೆ, ಖಾನಾಪುರದವರಾದರೆ ಮಣ್ಣಿನ ಕೆಲಸ. ನಿಮ್ಮೂರಿಂದ ಇಪ್ಪತ್ತು ಕಿಲೋಮೀಟರ್ ಒಳಗೆ ಏನು ಸಿಗುತ್ತದೆ ಅಂತ ಒಂದು ಭಾನುವಾರ ಬೈಕ್ ಹತ್ತಿ ನೋಡಿಕೊಂಡು ಬನ್ನಿ. ಗಂಧದ ಕೆತ್ತನೆ ಮಾತ್ರ ಬಿಲ್ ಇಲ್ಲದೆ ಒಂದು ತುಂಡೂ ಅಂಗಡಿಯೊಳಗೆ ತರಬೇಡಿ, ಅರಣ್ಯ ಇಲಾಖೆಗೆ ಉತ್ತರ ಕೊಡಬೇಕಾಗುತ್ತದೆ.

ಸಾಮಾನಿನ ಜೊತೆಗಿನ ಚೀಟಿಯಲ್ಲಿ ಮಾಡಿದವರ ಹೆಸರು, ಊರು ಬರೆಯಿರಿ, ಅವರು ಒಪ್ಪಿದರೆ. "ಮಲೆನಾಡಿನ ಜಾನಪದ ಕಲೆ" ಅಂತ ಬರೆದು ಬಿಟ್ಟರೆ ಅದು ಯಾರೂ ಮಾಡದ ವಸ್ತು ಆಗುತ್ತದೆ.

ಲೆಕ್ಕದ ಪುಸ್ತಕ

ಈಗ ನನ್ನ ಮರ್ಯಾದೆ ಹೋದ ಕಥೆ.

ಭೂಮಿ ಹುಣ್ಣಿಮೆಗೆ ನಮ್ಮ ಕಡೆ ಭೂಮಣ್ಣಿ ಬುಟ್ಟಿ ಬರೆಯುತ್ತಾರೆ. ಬಿದಿರಿನ ಬುಟ್ಟಿಗೆ ಕೆಮ್ಮಣ್ಣು ಬಳಿದು ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಸಣ್ಣ ಎಳೆಯ ಚಿತ್ತಾರ. ಅದರಲ್ಲಿ ಎಡೆ ಇಟ್ಟುಕೊಂಡು ಗದ್ದೆಗೆ ಒಯ್ಯುತ್ತಾರೆ. ಪೂಜೆಯ ಬುಟ್ಟಿ ಮಾರುವಂಥದ್ದಲ್ಲ, ಅದನ್ನು ಕೇಳಲೂ ಬಾರದು. ಮಾರಲು ಅಂತಲೇ ಅಂಗೈಯಗಲದ ಬುಟ್ಟಿ ಬರೆದುಕೊಡುತ್ತೀರಾ ಅಂತ ಒಬ್ಬ ಅಕ್ಕನನ್ನು ಕೇಳಿದೆ. ಹನ್ನೆರಡು ಬರೆದು ತಂದರು. ಒಂದಕ್ಕೆ 600 ರೂಪಾಯಿ, ಅದರಲ್ಲಿ 420 ಅವರಿಗೆ, 180 ಅಂಗಡಿಗೆ ಅಂತ ಮಾತಾಯಿತು.

ಆ ತಿಂಗಳು ಜೋಗಕ್ಕೆ ಹೊರಟ ಒಂದು ಗುಂಪು ಮಳೆಗೆ ಒಳಗೆ ಬಂದು ಗಡಿಬಿಡಿಯಲ್ಲಿ ಎರಡು ಬುಟ್ಟಿ ಕೊಂಡಿತು. ದುಡ್ಡು ಕ್ಯೂಆರ್‌ಗೆ ಬಂತು, ನಾನು ಬರೆದುಕೊಳ್ಳಲು ಮರೆತೆ. ತಿಂಗಳ ಕೊನೆಗೆ ಅಕ್ಕ ಬಂದಾಗ ಪುಸ್ತಕದಲ್ಲಿದ್ದ ಐದು ಬುಟ್ಟಿಯ ದುಡ್ಡು, 2,100 ರೂಪಾಯಿ ಕೊಟ್ಟೆ. ಶೆಲ್ಫಿನ ಮೇಲೆ ಉಳಿದಿದ್ದೂ ಐದೇ. ಹನ್ನೆರಡರಲ್ಲಿ ಐದು ಹೋದರೆ ಏಳು ಅಂತ ಅವರಿಗೆ ಅಲ್ಲೇ ಗೊತ್ತಾಗಿದೆ. ಒಂದು ಮಾತೂ ಆಡಲಿಲ್ಲ. ನೋಟು ಎಣಿಸಿ, ಮಡಚಿ, ಚೀಲದ ಒಳಜೇಬಿಗೆ ಹಾಕಿ, ಶೆಲ್ಫಿನ ಕಡೆ ಒಂದು ಸಲ ನೋಡಿ, "ಬರ್ತೀನಿ" ಅಂತ ಹೋದರು. ಮುಂದಿನ ತಿಂಗಳು ಬರಲಿಲ್ಲ. ಯಾಕೆ ಅಂತ ತಲೆ ಕೆಡಿಸಿಕೊಂಡು ಫೋನಿನಲ್ಲಿ ಹಳೆ ಯುಪಿಐ ಲೆಕ್ಕ ತಿರುವುತ್ತಾ ಕೂತಾಗ 1,200 ಕಾಣಿಸಿತು. ಅವತ್ತೇ 840 ರೂಪಾಯಿ ಹಿಡಿದು ಅವರ ಮನೆಗೆ ಹೋದೆ. ಮಜ್ಜಿಗೆ ಕೊಟ್ಟರು, ದುಡ್ಡು ತಗೊಂಡರು, ಮಳೆ ಬೆಳೆ ಮಾತಾಡಿದರು. ಬುಟ್ಟಿ ಮಾತ್ರ ಎಂಟು ತಿಂಗಳು ಬರಲಿಲ್ಲ.

ಹಾಗಾಗಿ ನೀವು ಶುರುವಿನಿಂದಲೇ ಕಾರ್ಬನ್ ಹಾಕುವ ಡೂಪ್ಲಿಕೇಟ್ ಪುಸ್ತಕ ಇಡಿ. ಸಾಮಾನು ಬಂದ ದಿನ ಎಷ್ಟು, ಏನು, ಯಾವ ಬೆಲೆ, ಯಾರಿಗೆ ಎಷ್ಟು ಪಾಲು, ಹಾಳಾದರೆ ಯಾರು ಕೊಡಬೇಕು, ಇಷ್ಟು ಬರೆದು ಒಂದು ಪ್ರತಿ ಅವರ ಕೈಗೆ. ಹಾಳಾದರೆ ಅಂಗಡಿಯೇ ಕೊಡಬೇಕು ಅನ್ನುವುದು ನನ್ನ ಅಭಿಪ್ರಾಯ, ಬೂಷ್ಟಿನ ಕಥೆ ಮೇಲೆ ಓದಿದ್ದೀರಲ್ಲ. ಪ್ರತಿ ಸಾಮಾನಿಗೂ ದಾರದಲ್ಲಿ ಒಂದು ನಂಬರಿನ ಚೀಟಿ ಕಟ್ಟಿ. ಮಾರಿದಾಗ ಆ ಚೀಟಿ ಹರಿದು ಡಬ್ಬಿಗೆ ಹಾಕಿ, ಎಷ್ಟೇ ಗಡಿಬಿಡಿ ಇದ್ದರೂ ಇಷ್ಟು ಮಾಡಬಹುದು. ಪ್ರತಿ ತಿಂಗಳು 5ನೇ ತಾರೀಕು ಎಲ್ಲರಿಗೂ ದುಡ್ಡು. ಏನೂ ಮಾರಾಟ ಆಗದಿದ್ದರೂ 5ನೇ ತಾರೀಕು ಫೋನ್ ಮಾಡಿ, "ಈ ಸಲ ಏನೂ ಹೋಗಿಲ್ಲ" ಅಂತ ಹೇಳಿ. ಆ ಫೋನ್ ಮಾಡುವುದು ಕಷ್ಟ. ಮಾಡಿ.

ಪಾಲು ಎಷ್ಟು ಅಂತ ಕೇಳುತ್ತಾರೆ. ನಾವು ನೂರಕ್ಕೆ 30 ಇಟ್ಟುಕೊಳ್ಳುತ್ತೇವೆ. ಇದಕ್ಕಿಂತ ಕಡಿಮೆ ಮಾಡಿದರೆ ಅಂಗಡಿ ನಡೆಯುವುದಿಲ್ಲ, ಜಾಸ್ತಿ ಮಾಡಿದರೆ ನನಗೆ ನಿದ್ದೆ ಬರುವುದಿಲ್ಲ.

ಗುರುವಾರದ ಸಂಜೆ

ಸಂಜೆ ಐದೂವರೆಯಿಂದ ಏಳೂವರೆ. ಯಾರು ಬೇಕಾದರೂ ಬರಬಹುದು. ಫೀಸ್ ಇಲ್ಲ, ಹೆಸರು ನೋಂದಾಯಿಸುವುದು ಇಲ್ಲ. ಕಾಗದ ಬಣ್ಣ ಅವರೇ ತರಬೇಕು, ಇಲ್ಲದಿದ್ದರೆ ಅಂಗಡಿಯಲ್ಲಿದೆ. ನಿಯಮ ಮೂರೇ. ಕೇಳದೆ ಇನ್ನೊಬ್ಬರ ಚಿತ್ರ ತಿದ್ದಬಾರದು. ಮಕ್ಕಳನ್ನು ಬಿಡಲು ಬಂದ ಅಪ್ಪ ಅಮ್ಮ ಒಂದೋ ತಾವೂ ಪೆನ್ಸಿಲ್ ಹಿಡಿಯಬೇಕು, ಇಲ್ಲ ಹೊರಗೆ ಕೂರಬೇಕು. ಟೀ ಮಾಡುವುದು ಸರದಿ ಪ್ರಕಾರ, ಅದರಲ್ಲಿ ಗಂಡಸರಿಗೂ ವಿನಾಯಿತಿ ಇಲ್ಲ.

ಮೊದಲನೇ ನಿಯಮ ಪಾಲಿಸುವುದು ಡ್ರಾಯಿಂಗ್ ಮೇಷ್ಟ್ರಿಗೆ ಎಷ್ಟು ಕಷ್ಟ ಆಯಿತು ಅಂದರೆ, ಒಂದು ವರ್ಷ ಅವರು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ಓಡಾಡುತ್ತಿದ್ದರು. ಮೂವತ್ತು ವರ್ಷ ಮಕ್ಕಳ ಗೆರೆ ತಿದ್ದಿದ ಕೈ ಅಲ್ವಾ. ಈಗ ಅವರ ಹತ್ತಿರವೇ ಜನ ಹೋಗಿ, "ಸಾರ್, ಈ ಕೈ ಯಾಕೋ ಸೌತೆಕಾಯಿ ಥರ ಬಂದಿದೆ, ಸ್ವಲ್ಪ ನೋಡಿ" ಅಂತ ಕೇಳುತ್ತಾರೆ. ಕೇಳಿದ ಮೇಲೆ ಅವರನ್ನು ಹಿಡಿಯುವವರಿಲ್ಲ.

ವಾಟ್ಸಾಪ್ ಗುಂಪು ಮಾಡಿ, ಆದರೆ ಅಡ್ಮಿನ್ ಮಾತ್ರ ಮೆಸೇಜ್ ಹಾಕುವ ಹಾಗೆ ಸೆಟ್ಟಿಂಗ್ ಇಡಿ, ವಾರಕ್ಕೆ ಎರಡೇ ಮೆಸೇಜ್. ಶುಭೋದಯದ ಹೂವು ಶುರುವಾಯಿತು ಅಂದರೆ ಗುಂಪು ಸತ್ತಂತೆ.

ದುಡ್ಡು ಕೊಟ್ಟು ಕಲಿಯುವ ಕಾರ್ಯಾಗಾರ ಬೇರೆ. ಎರಡು ತಿಂಗಳಿಗೊಂದು ಸಾಕು. ನಮ್ಮಲ್ಲಿ ತುಂಬ ಜನ ಕೇಳುವುದು ಚಿತ್ತಾರದ್ದು. ಕಲಿಸುವವರು ಚಿತ್ತಾರದ ಮನೆಯವರೇ ಆಗಿರಬೇಕು, ನಾನು ಯೂಟ್ಯೂಬ್ ನೋಡಿ ಕಲಿತು ಕಲಿಸುವುದಲ್ಲ. ಹಿಂದಿನ ರಾತ್ರಿಯೇ ಅಕ್ಕಿ ನೆನೆಹಾಕುತ್ತಾರೆ, ಬೆಳಿಗ್ಗೆ ನುಣ್ಣಗೆ ಅರೆದು ಬಟ್ಟೆಯಲ್ಲಿ ಸೋಸಿದರೆ ಬಿಳಿ. ಅದೇ ಅಕ್ಕಿಯನ್ನು ಇದ್ದಿಲಿನಂತೆ ಕರಿಯಾಗುವವರೆಗೆ ಹುರಿದು ಅರೆದರೆ ಕಪ್ಪು. ಕೆಂಪಿಗೆ ಕೆಮ್ಮಣ್ಣು, ಹಳದಿಗೆ ಗುರಿಗೆ ಮರದ ಕಾಯಿ. ಕುಂಚ ಪುಂಡಿ ಗಿಡದ ನಾರಿನದು. ಬೆರಳುದ್ದ ಕತ್ತರಿಸಿ ತುದಿಯನ್ನು ಜಜ್ಜಿ ಬಿಡಿಸಿಕೊಂಡರೆ ಎಳೆ ಎಳೆಯಾಗಿ ಬರುತ್ತದೆ. ಅಂಗಡಿಯ ದುಬಾರಿ ಬ್ರಷ್ಷಿನಲ್ಲಿ ಆ ಗೆರೆ ಬರುವುದಿಲ್ಲ, ಪ್ರಯತ್ನಿಸಿ ನೋಡಿದ್ದೇವೆ. ಬ್ರಷ್ ಬಣ್ಣವನ್ನು ಒಂದೇ ಸಲ ಬಿಟ್ಟು ಬಿಡುತ್ತದೆ, ನಾರು ಉದ್ದಕ್ಕೂ ಸ್ವಲ್ಪ ಸ್ವಲ್ಪವೇ ಕೊಡುತ್ತದೆ. ಮೊದಲ ಗಂಟೆ ಬರೀ ನೇರ ಎಳೆ. ಬೆಂಗಳೂರಿನಿಂದ ಬಂದವರೊಬ್ಬರು "ಡಿಸೈನ್ ಯಾವಾಗ?" ಅಂತ ಕೇಳಿದ್ದಕ್ಕೆ ಕಲಿಸುತ್ತಿದ್ದ ಅಕ್ಕ, "ಎಳೆ ನೆಟ್ಟಗಾದ ಮೇಲೆ" ಅಂದರು. ಅವತ್ತು ಅವರದ್ದು ನೆಟ್ಟಗಾಗಲಿಲ್ಲ.

ಫೀಸಿನಲ್ಲಿ ಸಾಮಾನಿನ ಖರ್ಚು ಕಳೆದು ಉಳಿದದ್ದರಲ್ಲಿ ಮುಕ್ಕಾಲು ಪಾಲು ಕಲಿಸಿದವರಿಗೆ, ಅವತ್ತೇ, ಕೈಯಲ್ಲಿ. ಬಸ್ ಖರ್ಚು ಬೇರೆ.

ಕಾಗದ ಪತ್ರ

ಪುರಸಭೆ ಅಥವಾ ನಗರಸಭೆಯ ವ್ಯಾಪಾರ ಪರವಾನಗಿ, ಕಾರ್ಮಿಕ ಇಲಾಖೆಯಲ್ಲಿ ಅಂಗಡಿ ನೋಂದಣಿ, ಸಣ್ಣ ಉದ್ಯಮಗಳಿಗೆ ಅಂತ ಕೇಂದ್ರ ಸರ್ಕಾರ ಮಾಡಿರುವ ಉದ್ಯಮ್ ನೋಂದಣಿ. ಉದ್ಯಮ್ ಆನ್‌ಲೈನಿನಲ್ಲಿ ಪುಕ್ಕಟೆ, ಅದಕ್ಕೆ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಇರಲೇಬೇಕು ಅಂತ ಕಾನೂನೇ ಇದೆ. ನಾವು ಪೂರ್ತಿ ಕನ್ನಡದಲ್ಲೇ ಬರೆಸಿದೆವು. ಪೇಂಟರ್ ಕೈಯಲ್ಲೇ ಬರೆಸಿ, ಫ್ಲೆಕ್ಸ್ ಬೇಡ. ಚಿತ್ರದಂಗಡಿಗೇ ಫ್ಲೆಕ್ಸ್ ಹಾಕಿದರೆ ಪೇಂಟರ್ ಎಲ್ಲಿಗೆ ಹೋಗಬೇಕು?

ಜಿಎಸ್‌ಟಿ ವಿಷಯದಲ್ಲಿ ಒಂದು ಗೊಂದಲ ಎಲ್ಲರಿಗೂ ಇದೆ. ಬರೀ ಸಾಮಾನು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ನೋಂದಣಿ ಬೇಕಿಲ್ಲ. ಆದರೆ ನೀವು ಕ್ಲಾಸ್ ಕೂಡ ನಡೆಸುತ್ತೀರಿ, ಅದು ಸೇವೆ, ಹಾಗಾಗಿ ನಿಮ್ಮ ಮಿತಿ 20 ಲಕ್ಷ. ನಮ್ಮಂಥವರು ಅದರ ಹತ್ತಿರವೂ ಹೋಗುವುದಿಲ್ಲ ಬಿಡಿ. ಆದರೂ 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಹೋದದ್ದು ನೆನಪಿದೆಯಲ್ಲ. ಬುಟ್ಟಿಯ 600 ಪೂರ್ತಿ ನಿಮ್ಮ ಕ್ಯೂಆರ್‌ಗೆ ಬರುತ್ತದೆ, ಅದರಲ್ಲಿ ನಿಮ್ಮದು 180 ಮಾತ್ರ. ಆ ಕಾರ್ಬನ್ ಪುಸ್ತಕ ಇಲ್ಲೂ ಕೆಲಸಕ್ಕೆ ಬರುತ್ತದೆ. ಹೊರ ರಾಜ್ಯಕ್ಕೆ ಆನ್‌ಲೈನಿನಲ್ಲಿ ಕಳಿಸುವವರು ಶುರು ಮಾಡುವ ಮುಂಚೆ ಆಡಿಟರನ್ನು ಒಂದು ಮಾತು ಕೇಳಿ.

ನಿಮ್ಮ ಅಂಗಡಿಗೆ ಸಾಮಾನು ಕೊಡುವವರಿಗೆ 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ ಬಗ್ಗೆ ಹೇಳಿ. ಅದರ 18 ಕಸುಬುಗಳ ಪಟ್ಟಿಯಲ್ಲಿ ಬುಟ್ಟಿ ಹೆಣೆಯುವವರು, ಕುಂಬಾರರು, ಗೊಂಬೆ ಮಾಡುವವರು ಇದ್ದಾರೆ, ತರಬೇತಿ, ಉಪಕರಣಕ್ಕೆ 15,000 ರೂಪಾಯಿ, ಕಡಿಮೆ ಬಡ್ಡಿಯ ಸಾಲ ಇದೆ. ಅರ್ಜಿ ಹಾಕುವುದು ಸಿಎಸ್‌ಸಿ ಕೇಂದ್ರದಲ್ಲಿ, ಅಂದರೆ ಸಾಮಾನ್ಯ ಸೇವಾ ಕೇಂದ್ರದಲ್ಲಿ. ಜೊತೆಗೆ ಹೋಗಿ ಕೂತು ಬರುವ ಒಬ್ಬರು ಸಿಕ್ಕರೆ ಅರ್ಧ ಕೆಲಸ ಆದಂತೆ.

ಕೊನೆಗೆ ದುಡ್ಡು ಉಳಿಯುತ್ತದಾ?

ನಮ್ಮ ಒಂದು ಸಾಧಾರಣ ತಿಂಗಳನ್ನೇ ಹೇಳುತ್ತೇನೆ. ಬಾಡಿಗೆ 7,000. ಕರೆಂಟ್, ಇಂಟರ್ನೆಟ್ 1,400. ಟೀ, ಸೋಪು, ಚಿಲ್ಲರೆ ಖರ್ಚು 1,600. ಶನಿವಾರ ಕ್ಲಾಸ್ ನಡೆಸುವ ಹುಡುಗಿಗೆ 5,000. ಒಟ್ಟು 15,000. ಬರುವುದು: ಮಕ್ಕಳ ಕ್ಲಾಸಿನಿಂದ, 18 ಮಕ್ಕಳು, ಒಬ್ಬರಿಗೆ 700ರಂತೆ 12,600. ಊರಿನವರ ಸಾಮಾನು 10,000ದ್ದು ಹೋದರೆ ನಮ್ಮ ಪಾಲು 3,000. ಕಾಗದ, ಬಣ್ಣ, ಫ್ರೇಮಿನ ಲಾಭ ಸೇರಿ 4,000. ಒಟ್ಟು 19,600. ಉಳಿದದ್ದು 4,600. ಇದು ಸಂಬಳ ಅಲ್ಲ, ಸಂಸಾರ ಇದರಲ್ಲಿ ನಡೆಯುವುದಿಲ್ಲ. ನನಗೆ ಬೆಳಿಗ್ಗೆ ಬೇರೆ ಕೆಲಸ ಇದೆ, ಅಂಗಡಿ ತೆರೆಯುವುದು ಮಧ್ಯಾಹ್ನ ಮೂರಕ್ಕೆ. ಮಳೆಗಾಲದಲ್ಲಿ ಎರಡು ತಿಂಗಳು ಕೈಯಿಂದಲೇ ಹಾಕಬೇಕಾಗುತ್ತದೆ, ಮೂರು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯಲ್ಲಿ ಅದು ವಾಪಸ್ ಬರುತ್ತದೆ. ಆರು ತಿಂಗಳ ಬಾಡಿಗೆಯನ್ನು ಬೇರೆ ಖಾತೆಯಲ್ಲಿ ಇಟ್ಟುಕೊಳ್ಳದೆ ಶುರು ಮಾಡಬೇಡಿ.

ಚಿತ್ರವನ್ನು ದೂರದ ಊರಿಗೆ ಕಳಿಸಬೇಕಾದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಮೂರು ಇಂಚಿನ ಪಿವಿಸಿ ಪೈಪ್ ತಗೊಂಡು ಬೇಕಾದ ಅಳತೆಗೆ ಕತ್ತರಿಸಿಕೊಳ್ಳಿ, ಎರಡೂ ಕಡೆ ಮುಚ್ಚಳ ಹಾಕಿ ಟೇಪ್ ಸುತ್ತಿ. ರಟ್ಟಿನ ಕೊಳವೆ ನಮ್ಮ ಮಳೆಗೆ ತಡೆಯುವುದಿಲ್ಲ.

ಯಾರೂ ಬಾರದ ಗುರುವಾರಗಳೂ ಇರುತ್ತವೆ. ಆಗ ಮಾಡಲು ಅಂತಲೇ ಒಂದಿಷ್ಟು ಕೆಲಸ ಎತ್ತಿಡಿ, ದೊಡ್ಡ ಹಾಳೆಯನ್ನು ನಾಲ್ಕು ತುಂಡು ಮಾಡುವುದು, ನಂಬರಿನ ಚೀಟಿಗೆ ದಾರ ಪೋಣಿಸುವುದು, ಪುಸ್ತಕದ ಲೆಕ್ಕ ಡಬ್ಬಿಯ ಚೀಟಿಗೆ ತಾಳೆ ನೋಡುವುದು. ಏಳೂವರೆಗೆ ಮುಂಚೆ ಮಾತ್ರ ಶಟರ್ ಎಳೆಯಬೇಡಿ. ನಮ್ಮ ಹೊಲಿಗೆ ಅಂಗಡಿಯ ಅಕ್ಕನಿಗೆ ಕೆಲಸ ಮುಗಿಯುವುದೇ ಏಳಕ್ಕೆ, ಅರ್ಧ ಗಂಟೆಗೆ ಅಂತ ಬರುತ್ತಾರೆ, ಹೋಗುವಾಗ ಎಂಟಾಗಿರುತ್ತದೆ.